ಬೆರಳ ಮುಂದಿನ ಖಾಲಿ ಜಾಗ

ನಮ್ಮ ಕಥನಗಳಲ್ಲಿ ದೊಡ್ಡ ಮರ್ಯಾದೆ ಸಿಕ್ಕಿದ್ದು ಎರಡು ಜೊತೆ ಪಾದರಕ್ಷೆಗಳಿಗೆ. ಒಂದು, ಭರತ ಅಯೋಧ್ಯೆಗೆ ಹೊತ್ತು ತಂದ ರಾಮನ ಪಾದುಕೆ. ಇನ್ನೊಂದು, ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆಂದು ಹೊಲಿದ ಚಮ್ಮಾವುಗೆ. ಎರಡೂ ತಲೆಯ ಮೇಲೆ ಏರಿಯೇ ಹೆಸರಾದವು. ದುಡಿಯುವವನು ಬೆಳಗಿನಿಂದ ಸಂಜೆಯವರೆಗೆ ತುಳಿದು ಸವೆಸುವ ಬೂಟನ್ನು ಕೈಗೆತ್ತಿಕೊಂಡು, ತಿರುಗಿಸಿ ಮುರುಗಿಸಿ ನೋಡಿ, ಭೇಷ್ ಎಂದವರನ್ನು ನಾನು ಕಾಣೆ. ಸೀರೆಯ ಸೆರಗು, ವೀಣೆಯ ಕೊಡ, ಫಿಲ್ಟರ್ ಕಾಫಿಯ ನೊರೆ ಇವಕ್ಕೆಲ್ಲ ರಸಿಕರಿದ್ದಾರೆ. ಬೂಟಿಗೂ ಒಬ್ಬನಿರಲಿ.

ನಾನು ಹೇಳುತ್ತಿರುವುದು ಕಚೇರಿಗೆ ಹಾಕುವ ಮಿರಮಿರ ಬೂಟಿನ ಮಾತಲ್ಲ. ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಉತ್ತರ ಭಾಗದಲ್ಲಿ, ಫೋರ್ಟ್ ಮ್ಯಾಕ್‌ಮರೆಯ ಸುತ್ತ, ಮರಳಿನಿಂದ ಎಣ್ಣೆ ಹಿಂಡುವ ಗಣಿಗಳಿವೆ. ಜನವರಿಯಲ್ಲಿ ಅಲ್ಲಿ ಉಷ್ಣಾಂಶ ಮೈನಸ್ 40ಕ್ಕೆ ಇಳಿಯುವುದುಂಟು. ಸೆಲ್ಸಿಯಸ್ಸೋ ಫ್ಯಾರನ್‌ಹೀಟೋ ಎಂದು ಕೇಳಬೇಕಾಗಿಲ್ಲ, ಆ ಅಂಕಿಯಲ್ಲಿ ಎರಡೂ ಒಂದೇ. ಅಂಥ ಕಡೆ ಹನ್ನೆರಡು ಗಂಟೆಯ ಪಾಳಿ ಮಾಡುವವರ ಬೂಟು ಇದು. ಹಿಮ ತಡೆಯಬೇಕು, ಕೆಸರು ತಡೆಯಬೇಕು, ಪೈಪು ಜಾರಿ ಬಿದ್ದರೆ ಬೆರಳು ಉಳಿಸಬೇಕು, ಏಣಿ ಹತ್ತುವಾಗ ಜಾರಬಾರದು, ಇಷ್ಟೆಲ್ಲ ಮಾಡಿಯೂ ಒಳಗಿನ ಕಾಲು ಬೆವರಬಾರದು. ಒಂದೊಂದೇ ಬೇಡಿಕೆಯಾದರೆ ಈಡೇರಿಸುವುದು ಸುಲಭ. ಒಟ್ಟಿಗೆ ಬಂದಾಗ ಅವು ಒಂದಕ್ಕೊಂದು ಜಗಳ ತೆಗೆಯುತ್ತವೆ. ಆ ಜಗಳವನ್ನು ಮೂವತ್ತು ಸೆಂಟಿಮೀಟರ್ ಉದ್ದದ ಜಾಗದೊಳಗೆ ರಾಜಿ ಮಾಡಿಸಿದ ಕುಶಲತೆಯೇ ಇಲ್ಲಿನ ಸೊಗಸು.

ಅಕ್ಕನ ಮಗ ಅಲ್ಲಿ ಉಪಕರಣಗಳ ತಂತ್ರಜ್ಞ. ಅವನ ಹಳೆಯ ಬೂಟಿನ ಅಟ್ಟೆ ಸವೆದಿತ್ತು. ಹೊಸದು ಕೊಳ್ಳಲು ಎಡ್ಮಂಟನ್ನಿನ ಅಂಗಡಿಗೆ ಹೊರಟಾಗ ನಾನೂ ಹೋದೆ. ಒಂದು ಗೋಡೆಯ ತುಂಬ ಬೂಟುಗಳು. ಕೈಗೆ ಸಿಕ್ಕಿದ್ದನ್ನು ಎತ್ತಿದೆ. ಎಂಟು ಅಂಗುಲ ಎತ್ತರ, ಜೇನಿನ ಬಣ್ಣದ ದಪ್ಪ ತೊಗಲು. ಹೊಸ ತೊಗಲಿಗೆ ಎಣ್ಣೆ, ಮೇಣ ಬೆರೆತ ಒಂದು ವಾಸನೆಯಿರುತ್ತದೆ, ಅದಕ್ಕೆ ರಬ್ಬರಿನ ಕಟುವಾಸನೆ ಸೇರಿತ್ತು. ಹೊಲಿಗೆಯ ಮೇಲೆ ಬೆರಳಾಡಿಸಿದೆ. ಕಾಲು ಮಡಿಯುವ ಜಾಗದಲ್ಲಿ ಮೂರು ಸಾಲು, ಹಿಮ್ಮಡಿಯ ಹತ್ತಿರ ಎರಡು, ಜಗ್ಗಾಟ ಕಡಿಮೆ ಇರುವ ಕಡೆ ಒಂದೇ ಸಾಲು. ಎಲ್ಲಿ ಜೋರು ಬೀಳುತ್ತದೋ ಅಲ್ಲಿ ದಾರ ಹೆಚ್ಚು. ಅಲಂಕಾರಕ್ಕೆಂದು ಒಂದು ಹೊಲಿಗೆಯೂ ಹೆಚ್ಚಿಗೆ ಇರಲಿಲ್ಲ, ಆದರೂ ನೋಡಲು ಚೆಂದವಿತ್ತು.

ಪಕ್ಕದಲ್ಲಿ, ಕಣಕಾಲಿನ ಹತ್ತಿರ, ಒಂದು ಪುಟ್ಟ ಹಸಿರು ತ್ರಿಕೋನ. ಕೆನಡಾದ ಸಿಎಸ್‌ಎ ಮಾನಕದ ಗುರುತು ಅದು. ಬೆರಳು ಕಾಯುವ ಮುಂಭಾಗದ ಗಟ್ಟಿ ಟೊಪ್ಪಿ ಮೊದಲ ದರ್ಜೆಯದು, ಅಟ್ಟೆಯೊಳಗೆ ಮೊಳೆ ಹೊಗದಂತೆ ಒಂದು ಪದರವಿದೆ ಎಂದು ಅದರ ಅರ್ಥ. ಹಳದಿ ತ್ರಿಕೋನವಾದರೆ ಎರಡನೆಯ ದರ್ಜೆ. ಬಿಳಿ ಚೌಕಟ್ಟಿನಲ್ಲಿ ಕಿತ್ತಳೆ ಬಣ್ಣದ ಓಮ್ ಚಿಹ್ನೆ ಇದ್ದರೆ ವಿದ್ಯುದಾಘಾತ ತಡೆಯುವ ಅಟ್ಟೆ. ಬಿಳಿಯ ಮೇಲೆ ಹಸಿರು ದೇವದಾರು ಮರವಿದ್ದರೆ ಮರ ಕೊಯ್ಯುವ ಯಂತ್ರಗರಗಸ ಹಿಡಿಯುವವರಿಗೆ. ಯಾವ ಭಾಷೆಯ ಕೂಲಿಯವನು ಬಂದರೂ ಓದಿಕೊಳ್ಳಬಹುದಾದ ಬರಹ ಇದು.

ಮೊದಲ ದರ್ಜೆಯ ಟೊಪ್ಪಿ 125 ಜೂಲಿನ ಹೊಡೆತ ತಾಳಬೇಕು. ಹೆಚ್ಚುಕಡಿಮೆ ಹದಿಮೂರು ಕಿಲೋ ಕಬ್ಬಿಣ ಒಂದು ಮೀಟರ್ ಎತ್ತರದಿಂದ ಬೆರಳ ಮೇಲೆ ಬಿದ್ದಂತೆ. ಅಮೆರಿಕದ ಮಾನಕದಲ್ಲಿ ಹೊಡೆತ 75 ಫೂಟ್‌–ಪೌಂಡ್, ಅಂದರೆ ಸುಮಾರು 102 ಜೂಲ್. ಜೊತೆಗೆ 2,500 ಪೌಂಡಿನ ಅದುಮು. ಯುರೋಪಿನದೂ ನಮ್ಮ ಐಎಸ್ 15298 ಕೂಡ 200 ಜೂಲ್ ಕೇಳುತ್ತವೆ. ಈ ಅಂಕಿಗಳಿಗಿಂತ ನನಗೆ ಹಿಡಿಸಿದ್ದು ಪರೀಕ್ಷೆ ಮಾಡುವ ರೀತಿ. ಬೂಟಿನೊಳಗೆ ಮೆತ್ತನೆಯ ಜೇಡಿಯಂಥ ಮುದ್ದೆ ಇಟ್ಟು ಮೇಲಿನಿಂದ ಭಾರ ಬೀಳಿಸುತ್ತಾರೆ. ಆಮೇಲೆ ಅಳೆಯುವುದು ಲೋಹ ಎಷ್ಟು ನೆಗ್ಗಿತು ಎಂದಲ್ಲ, ಮುದ್ದೆ ಎಷ್ಟು ಎತ್ತರ ಉಳಿಯಿತು ಎಂದು. ಅಮೆರಿಕದ ಗಂಡಸರ ಬೂಟಿನಲ್ಲಿ ಅದು ಅರ್ಧ ಅಂಗುಲ, 12.7 ಮಿಲಿಮೀಟರ್, ಉಳಿದಿರಬೇಕು. ಲೋಹ ಬಾಗಲಿ, ಗೀರು ಬೀಳಲಿ, ಯಾರಿಗೂ ಚಿಂತೆಯಿಲ್ಲ. ಬೆರಳಿಗೆ ಬೇಕಾದ ಜಾಗ ಉಳಿಯಿತೇ ಎಂಬುದೊಂದೇ ಪ್ರಶ್ನೆ. ಕೊಳ್ಳುವವನು ದುಡ್ಡು ಕೊಡುವುದು ಉಕ್ಕಿಗಲ್ಲ, ಉಕ್ಕು ಕಾಯುವ ಆ ಅರ್ಧ ಅಂಗುಲಕ್ಕೆ.

ಭಾರ ಬಿದ್ದರೆ ಉಕ್ಕಿನ ಟೊಪ್ಪಿಯೇ ಮಡಚಿ ಬೆರಳು ಕತ್ತರಿಸುತ್ತದೆ ಎಂದು ಹೆದರಿಸುವವರು ಎಲ್ಲ ಕಾರ್ಖಾನೆಗಳಲ್ಲೂ ಇರುತ್ತಾರೆ. ಮಿಥ್‌ಬಸ್ಟರ್ಸ್ ಎಂಬ ಟಿವಿ ಕಾರ್ಯಕ್ರಮದವರು 2005ರಲ್ಲಿ ಇದನ್ನು ಪರೀಕ್ಷಿಸಿ, ಟೊಪ್ಪಿಯಿಲ್ಲದ ಬೂಟಿನ ಗತಿಯೇ ಕೆಟ್ಟದ್ದೆಂದು ತೋರಿಸಿದರು. ಆದರೂ ಆ ಮಾತು ಸಾಯುವುದಿಲ್ಲ.

ಉಕ್ಕಿನ ಮೇಲಿನ ನಿಜವಾದ ದೂರು ಬೇರೆ. ಅದು ಶಾಖವನ್ನು ಕದಿಯುತ್ತದೆ. ಅಲುಗಾಡದೆ ನಿಂತ ಗಾಳಿಗೆ ಹೋಲಿಸಿದರೆ ಉಕ್ಕು ಸುಮಾರು ಎರಡು ಸಾವಿರ ಪಟ್ಟು ಬೇಗ ಶಾಖ ಒಯ್ಯುತ್ತದೆ. ಟೊಪ್ಪಿಯ ಒಳಗೂ ಹೊರಗೂ ಪದರಗಳಿರುವುದರಿಂದ ಲೋಹ ನೇರ ಬೆರಳಿಗೆ ತಾಗುವುದಿಲ್ಲ ನಿಜ. ಆದರೆ ಬೂಟಿನ ಮುಂಗಡೆಯಲ್ಲಿ ಮೊದಲೇ ಜಾಗ ಕಡಿಮೆ, ಬೆರಳಿಗೆ ರಕ್ತ ತಲುಪುವುದೂ ಕಡಿಮೆ, ಅಲ್ಲೇ ಹೋಗಿ ಲೋಹ ಕೂತಿರುತ್ತದೆ. ಅದಕ್ಕೇ ಚಳಿನಾಡಿನವರು ಗಾಜಿನೆಳೆ, ಕಾರ್ಬನ್ ಎಳೆ, ಗಟ್ಟಿ ಪ್ಲಾಸ್ಟಿಕ್ ಬೆರೆಸಿದ ಕಾಂಪೊಸಿಟ್ ಟೊಪ್ಪಿ ಹುಡುಕುತ್ತಾರೆ. ಉಕ್ಕಿಗಿಂತ ತುಸು ದಪ್ಪ, ಆದ್ದರಿಂದ ಬೂಟಿನ ಮೂಗು ಸ್ವಲ್ಪ ಉಬ್ಬಿದಂತೆ ಕಾಣುತ್ತದೆ. ನನ್ನ ಕಣ್ಣಿಗೆ ಉಕ್ಕಿನ ತೆಳು ಮೂಗೇ ಚೆಂದ. ಮೈನಸ್ 40ರಲ್ಲಿ ನನ್ನ ಕಣ್ಣಿನ ಮಾತು ಕೇಳುವವರು ಯಾರು?

ಈಗ ಬೆಚ್ಚಗಿನ ವಿಷಯ. ಅಂಗಡಿಯ ಪ್ರತಿ ಡಬ್ಬಿಯ ಮೇಲೂ ಒಂದು ಅಂಕಿ: 200 ಗ್ರಾಂ, 400, 600, 800, 1000. ಬೂಟಿನಲ್ಲಿ ಅಷ್ಟು ತೂಕದ ಹತ್ತಿ ತುಂಬಿದ್ದಾರೆಂದು ತಿಳಿಯಬೇಡಿ. ಒಳಗಿನ ಪದರ ಒಂದು ಚದರ ಮೀಟರಿಗೆ ಅಷ್ಟು ಗ್ರಾಂ ತೂಗುತ್ತದೆ ಎಂದು ಲೆಕ್ಕ. ಈ ಪದರಕ್ಕೆ ಹೆಸರಾದದ್ದು ಥಿನ್ಸುಲೇಟ್, ಅಮೆರಿಕದ ಮಿನೆಸೋಟದಲ್ಲಿ ನೆಲೆಯೂರಿದ 3ಎಂ ಕಂಪನಿ 1979ರಲ್ಲಿ ಮಾರಾಟಕ್ಕೆ ತಂದದ್ದು. ಮಿನೆಸೋಟದ ಚಳಿ ಕಂಡವರಿಗೆ ಇಂಥದ್ದು ಅಲ್ಲೇ ಏಕೆ ಹುಟ್ಟಿತು ಎಂದು ವಿವರಿಸಬೇಕಾಗಿಲ್ಲ. ಅದರ ಗುಟ್ಟು ಎಳೆ ಅತಿ ಸಣ್ಣದಾಗಿರುವುದರಲ್ಲಿದೆ. ಎಳೆ ಸಣ್ಣದಾದಷ್ಟೂ ಅದೇ ತೂಕದಲ್ಲಿ ಎಳೆಗಳ ಸಂಖ್ಯೆ ಹೆಚ್ಚು, ಅವುಗಳ ನಡುವಿನ ಸಂದುಗಳೂ ಹೆಚ್ಚು, ಆ ಸಂದುಗಳಲ್ಲಿ ಗಾಳಿ ಕದಲದೆ ನಿಲ್ಲುತ್ತದೆ. ಬೆಚ್ಚಗಿಡುವುದು ಎಳೆಯಲ್ಲ, ನಿಂತ ಗಾಳಿ. ಚಳ್ಳಕೆರೆಯ ಕಡೆಯ ಕಂಬಳಿ ಹೊದ್ದವರಿಗೆ ಇದು ಮೈಗೇ ಗೊತ್ತು. ನೇಯ್ಗೆ ಒರಟು, ನಡುವೆ ಬೆಳಕು ಕೂಡ ಕಾಣುತ್ತದೆ, ಆದರೂ ಹೊದ್ದು ಗಳಿಗೆಯಲ್ಲಿ ಬೆಚ್ಚಗೆ. ಅದೇ ಕಂಬಳಿಯನ್ನು ಮೈಗೆ ಬಿಗಿಯಾಗಿ ಸುತ್ತಿ ಹಗ್ಗ ಕಟ್ಟಿದರೆ ಚಳಿ.

ಬೂಟು ಕೊಳ್ಳುವವರು ಎಡವುವುದು ಇಲ್ಲೇ. ಸಾವಿರ ಗ್ರಾಮಿನ ಬೂಟು ತೆಗೆದುಕೊಂಡು, ಅದರೊಳಗೆ ಎರಡು ಜೊತೆ ದಪ್ಪ ಕಾಲುಚೀಲ ತುರುಕಿ, ಲೇಸು ಬಿಗಿದು ಕಟ್ಟಿದರೆ, ಬೆಚ್ಚಗಿಡಬೇಕಾದ ಗಾಳಿಯನ್ನು ಹಿಂಡಿ ಹೊರಗಟ್ಟಿದಂತಾಯಿತು. ಬಿಗಿತಕ್ಕೆ ರಕ್ತದ ಓಡಾಟವೂ ಕುಗ್ಗುತ್ತದೆ. ಅವರ ಬೆರಳು ಮರಗಟ್ಟುತ್ತದೆ. ಪಕ್ಕದಲ್ಲಿ 400 ಗ್ರಾಮಿನ ಸಡಿಲ ಬೂಟಿನವನು ಆರಾಮಾಗಿರುತ್ತಾನೆ. ಹಾಕಿ ನೋಡುತ್ತಿದ್ದ ಅಕ್ಕನ ಮಗ ಹೇಳಿದ: "ಮಾವ, ಇಲ್ಲಿ ಹೊಸಬರಿಗೆಲ್ಲ ಮೊದಲು ಹೇಳೋದೇ ಇದು. ಬೂಟಿನೊಳಗೆ ಬೆರಳು ಪಿಯಾನೋ ನುಡಿಸೋ ಹಾಗಿರಬೇಕು." ಅವನು ಬೆರಳು ನುಡಿಸಿದ್ದು ನನಗೆ ಕಾಣಲಿಲ್ಲ. ಟೊಪ್ಪಿಯ ಕೆಳಗಿದ್ದವಲ್ಲ! ಮುಖ ನೋಡಿ ತಿಳಿದೆ.

ಸಾದಾ ಚಪ್ಪಲಿಯಾದರೆ ತೊಗಲು ಹಿಗ್ಗಿ ಕಾಲಿಗೆ ಹೊಂದಿಕೊಳ್ಳುತ್ತದೆ, "ಹಾಕ್ತಾ ಹಾಕ್ತಾ ಸರಿ ಹೋಗುತ್ತೆ" ಎಂದು ನಮ್ಮ ಅಂಗಡಿಯವರು ಸಮಾಧಾನ ಹೇಳುವುದುಂಟು. ಸೇಫ್ಟಿ ಬೂಟಿನಲ್ಲಿ ಆ ಮಾತು ನಡೆಯುವುದಿಲ್ಲ. ಟೊಪ್ಪಿ ಹಿಗ್ಗದು. ಮೊದಲ ದಿನ ಕಿರುಬೆರಳಿಗೆ ತಾಗಿದ್ದು ಕೊನೆಯ ದಿನವೂ ತಾಗುತ್ತದೆ.

ಡಬ್ಬಿಯ ಮೇಲಿನ "ಮೈನಸ್ ಇಷ್ಟರವರೆಗೆ" ಎಂಬ ಬರಹವನ್ನೂ ಅತಿಯಾಗಿ ನಂಬಬೇಡಿ. ಯುರೋಪಿನ ಮಾನಕದಲ್ಲಿ ಚಳಿ ತಡೆಗೆ ಸಿಐ ಎಂಬ ಗುರುತಿದೆ. ಬೂಟನ್ನು ಮೈನಸ್ 17 ಡಿಗ್ರಿಯ ಕೋಣೆಯಲ್ಲಿ ಅರ್ಧ ಗಂಟೆ ಇಟ್ಟಾಗ ಒಳಗಿನ ಉಷ್ಣಾಂಶ 10 ಡಿಗ್ರಿಗಿಂತ ಹೆಚ್ಚು ಇಳಿಯಬಾರದು, ಪರೀಕ್ಷೆ ಅಷ್ಟೇ. ಪಾಳಿಯೋ ಹನ್ನೆರಡು ಗಂಟೆ. ಕಾಲೇ ಬಿಸಿ ಹುಟ್ಟಿಸದಿದ್ದರೆ ಯಾವ ಪದರವೂ ಅದನ್ನು ಕಾಯಲಾರದು, ಇರುವ ಬಿಸಿ ಸೋರಿ ಹೋಗುವುದನ್ನು ತಡಮಾಡಬಹುದು ಅಷ್ಟೆ. ಓಡಾಡಿ ದುಡಿಯುವವನ ಬೂಟು ಬೇರೆ, ವಾಲ್ವಿನ ಮುಂದೆ ನಿಂತು ಮೀಟರು ನೋಡುವವನ ಬೂಟು ಬೇರೆ. ಮೊದಲಿನವನಿಗೆ 1000 ಗ್ರಾಂ ಕೊಟ್ಟರೆ ಬೆವರಿ ಒದ್ದೆಯಾಗುತ್ತಾನೆ, ಒದ್ದೆಯಾದ ಮೇಲೆ ಹೆಪ್ಪುಗಟ್ಟುತ್ತಾನೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖ ಒಯ್ಯುತ್ತದೆ, ಅದು ಮಂಜು ಕರಗಿದ ನೀರೋ ಸ್ವಂತ ಬೆವರೋ ಎಂದು ಭೇದ ಮಾಡುವುದಿಲ್ಲ.

ಹೊರಗಿನ ನೀರನ್ನು ತಡೆಯುವುದು ಅಷ್ಟೇನೂ ಕಷ್ಟವಲ್ಲ. ಮಲೆನಾಡಿನ ಮಳೆಯಲ್ಲಿ ಗಂಬೂಟು ಹಾಕಿ ತೋಟಕ್ಕೆ ಹೋದವರನ್ನು ಕೇಳಿ: ಹೊರಗಿನಿಂದ ಒಂದು ಹನಿ ಒಳಗೆ ಬಂದಿರುವುದಿಲ್ಲ, ಆದರೂ ಸಂಜೆ ಕಾಲುಚೀಲ ಹಿಂಡಿದರೆ ನೀರು. ಅಮೆರಿಕದ ಮೇನ್ ರಾಜ್ಯದ ಲಿಯಾನ್ ಲಿಯಾನ್‌ವುಡ್ ಬೀನ್ ಎಂಬ ಬೇಟೆ ಹುಚ್ಚಿನ ಮನುಷ್ಯ ಕೆಳಗೆ ರಬ್ಬರು, ಮೇಲೆ ತೊಗಲು ಸೇರಿಸಿ ಹೊಲಿದ ಬೂಟನ್ನು 1912ರಲ್ಲಿ ಮಾರಿದ. ಮೊದಲ ನೂರು ಜೊತೆಗಳಲ್ಲಿ ತೊಂಬತ್ತು ವಾಪಸು ಬಂದವು, ರಬ್ಬರು ಮತ್ತು ತೊಗಲು ಕೂಡುವ ಕಡೆ ಹೊಲಿಗೆ ಬಿಟ್ಟಿತ್ತು. ಅವನು ಎಲ್ಲರ ದುಡ್ಡು ಹಿಂದಿರುಗಿಸಿ, ಸಾಲ ಮಾಡಿ, ಬೂಟು ಸುಧಾರಿಸಿದ. ಕೆಳಗೆ ರಬ್ಬರು ಮೇಲೆ ತೊಗಲು ಎಂಬ ಆ ಜೋಡಣೆ ಇವತ್ತಿಗೂ ಹಿಮದ ಬೂಟುಗಳಲ್ಲಿ ನಡೆದಿದೆ.

ತೊಗಲಿನ ಬೂಟಿನಲ್ಲಿ ನನಗೆ ಬಲು ಇಷ್ಟವಾದ ಭಾಗ ನಾಲಿಗೆ. ಲೇಸು ಬಿಚ್ಚಿ ಅಗಲಿಸಿ ನೋಡಿ. ಒಳ್ಳೆಯ ಬೂಟಿನ ನಾಲಿಗೆ ಬಿಡಿಯಾಗಿ ಜೋಲುವುದಿಲ್ಲ. ಅದರ ಎರಡು ಅಂಚಿಗೂ ತೆಳು ತೊಗಲಿನ ಮಡಿಕೆ ಹೊಲಿದು ಬೂಟಿನ ಗೋಡೆಗೆ ಸೇರಿಸಿರುತ್ತಾರೆ. ಲೇಸು ಕಟ್ಟಿದಾಗ ಮಡಿಕೆ ಒಳಗೆ ಮಡಚಿಕೊಳ್ಳುತ್ತದೆ, ಬಿಚ್ಚಿದಾಗ ಅರಳುತ್ತದೆ. ಮಡಿಕೆ ಎಲ್ಲಿಯವರೆಗೆ ಏರಿದೆಯೋ ಅಲ್ಲಿಯವರೆಗೆ ನೀರಿನಲ್ಲಿ ನಿಲ್ಲಬಹುದು, ಅದಕ್ಕೂ ಮೇಲೆ ನೀರು ಬಂದರೆ ಯಾವ ಕಂಪನಿಯ ಭರವಸೆಯೂ ಕಾಯದು. ಹತ್ತು ಜಾಹೀರಾತು ಓದುವ ಬದಲು ಈ ಮಡಿಕೆಯ ತುದಿ ಎಲ್ಲಿದೆ ಎಂದು ನೋಡಿದರೆ ಸಾಕು. ಇದನ್ನು ಅಳತೆ ತಪ್ಪದೆ, ಕಾಲಿಗೆ ಒತ್ತದಂತೆ ಹೊಲಿಯುವುದು ಎಂಥ ಕೈಗೆಲಸ! ಕಟ್ಟಿದ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನು ಬೆವರು. 1969ರಲ್ಲಿ ಬಾಬ್ ಗೋರ್ ಎಂಬಾತ ಬಿಸಿ ಮಾಡಿದ ಪಿಟಿಎಫ್‌ಇ ಕಡ್ಡಿಯನ್ನು (ನಮ್ಮ ದೋಸೆ ಕಾವಲಿಯ ಟೆಫ್ಲಾನ್ ಇದೇ) ಮೆಲ್ಲಗೆ ಎಳೆದಾಗಲೆಲ್ಲ ಅದು ತುಂಡಾಗಿ, ಬೇಸತ್ತು, ಒಮ್ಮೆ ಜೋರಾಗಿ ಜಗ್ಗಿದ. ತುಂಡಾಗಬೇಕಿದ್ದದ್ದು ಹಲವು ಪಟ್ಟು ಹಿಗ್ಗಿತು. ಹಿಗ್ಗಿದ್ದರ ಮೈತುಂಬ ಸೂಕ್ಷ್ಮ ರಂಧ್ರಗಳು: ನೀರ ಹನಿಗೆ ಹೊಗಲಾರದಷ್ಟು ಸಣ್ಣವು, ಬೆವರಿನ ಆವಿಗೆ ಧಾರಾಳ. ಗೋರ್‌–ಟೆಕ್ಸ್ ಹುಟ್ಟಿದ್ದು ಹಾಗೆ. ಅಂಥ ಪೊರೆಯನ್ನು ಕಾಲುಚೀಲದ ಆಕಾರಕ್ಕೆ ಹೊಲಿದು, ಹೊಲಿಗೆಯ ಮೇಲೆ ಪಟ್ಟಿ ಅಂಟಿಸಿ, ತೊಗಲಿಗೂ ಅಸ್ತರಿಗೂ ನಡುವೆ ಕೂರಿಸುತ್ತಾರೆ. ಕಲ್ಪನೆ ಮನೋಹರ. ಆದರೆ ಕಡು ಚಳಿಯಲ್ಲಿ ಆವಿ ಹೊರಗೆ ತಲುಪುವ ಮೊದಲೇ ದಾರಿಯಲ್ಲಿ ತಣಿದು ನೀರಾಗುತ್ತದೆ, ಇನ್ನೂ ಹೊರಗಿನ ಪದರದಲ್ಲಿ ಮಂಜಾಗುತ್ತದೆ. ಆದ್ದರಿಂದ ಮೈನಸ್ 10, 15ರ ಹಿಮದಲ್ಲಿ ಓಡಾಡುವವರಿಗೆ ಈ ಪೊರೆ ವರ. ಮೈನಸ್ 35ರಲ್ಲಿ ನಿಲ್ಲುವವರಿಗೆ ಹಳೆಯ ಉಪಾಯವೇ ಮೇಲು: ಕೈಯಿಂದ ಹೊರತೆಗೆಯಬಹುದಾದ ಉಣ್ಣೆಯ ಫೆಲ್ಟ್ ಒಳಬೂಟು. ರಾತ್ರಿ ತೆಗೆದು ಒಣಗಿಸಿದರೆ ಬೆಳಗ್ಗೆ ಮತ್ತೆ ಹೊಸದು.

ಈ ಸಮಸ್ಯೆಗೆ ಪೂರ್ತಿ ತಲೆಕೆಳಗಿನ ಪರಿಹಾರವೂ ಒಂದಿದೆ. ಕೊರಿಯಾ ಯುದ್ಧದ ಕಾಲದಲ್ಲಿ, 1950ರ ಚಳಿಗಾಲ ಚೋಸಿನ್ ಜಲಾಶಯದ ದಡದಲ್ಲಿ ಸೈನಿಕರ ಕಾಲು ಹೆಪ್ಪುಗಟ್ಟಿಸಿದ ಮೇಲೆ, ಅಮೆರಿಕದ ಸೇನೆ ಬಳಕೆಗೆ ತಂದ ರಬ್ಬರು ಬೂಟು. ಬಿಳಿಯದಕ್ಕೆ ಬನ್ನಿ ಬೂಟು ಎಂದು ಅಡ್ಡಹೆಸರು, ಕರಿಯದಕ್ಕೆ ಮಿಕ್ಕಿ ಮೌಸ್ ಬೂಟು. ಬೆವರು ಹೊರಗೆ ಹೋಗಲಿ ಎಂಬ ಹಂಬಲವನ್ನೇ ಅದರಲ್ಲಿ ಬಿಟ್ಟುಬಿಟ್ಟರು. ಎರಡು ರಬ್ಬರು ಗೋಡೆಗಳ ನಡುವೆ ಉಣ್ಣೆ ಸೇರಿಸಿ ಮುಚ್ಚಿದರು. ಒಳಗಿನ ಕಾಲು ಒದ್ದೆಯಾಗುತ್ತದೆ, ಆಗಲಿ, ಉಣ್ಣೆಗೆ ನೀರು ತಾಗುವುದಿಲ್ಲವಲ್ಲ! ಬಿಳಿಯದು ಮೈನಸ್ 54 ಸೆಲ್ಸಿಯಸ್‌ವರೆಗೆ ತಾಳುವಂತೆ ಮಾಡಿದ್ದು. ಅದರ ಪಕ್ಕದಲ್ಲಿ ಒಂದು ಪುಟ್ಟ ಗಾಳಿಯ ಬಿರಡೆ ಇರುತ್ತದೆ. ವಿಮಾನ ಹತ್ತುವಾಗ ಬಿಚ್ಚಬೇಕು, ಇಲ್ಲದಿದ್ದರೆ ಮೇಲೇರಿದಂತೆ ಒಳಗೆ ಸಿಕ್ಕಿಬಿದ್ದ ಗಾಳಿ ಉಬ್ಬಿ ಬೂಟನ್ನು ಹರಿಯುತ್ತದೆ. ಕುರೂಪಿ ಬೂಟು ಅದು. ಆನೆಕಾಲು ಬಂದಂತೆ ಕಾಣುತ್ತದೆ. ನನ್ನ ಮಟ್ಟಿಗೆ ಈ ಜಾತಿಯಲ್ಲೇ ಬುದ್ಧಿವಂತ ವಿನ್ಯಾಸ ಅದೇ.

ಬೂಟನ್ನು ಮಗುಚಿದೆ. ಅಟ್ಟೆಯ ನಡುವೆ ಹಳದಿ ಎಂಟು ಮೂಲೆಯ ಗುರುತು: ವಿಬ್ರಾಮ್. ಇದರ ಹಿಂದೆ ಒಂದು ಸಾವಿನ ಕತೆಯಿದೆ. 1935ರಲ್ಲಿ ಇಟಲಿಯ ಆಲ್ಪ್ಸ್‌ನ ಪುಂತಾ ರಾಸಿಕಾ ಏರಲು ಹೋದ ತಂಡ ಬಿರುಗಾಳಿಗೆ ಸಿಕ್ಕಿತು, ಆರು ಜನ ತೀರಿಕೊಂಡರು. ಆ ಕಾಲದ ಪರ್ವತಾರೋಹಿಗಳು ಬೆಟ್ಟದ ಬುಡದವರೆಗೆ ಮೊಳೆ ಹೊಡೆದ ಭಾರದ ಬೂಟು ಹಾಕಿ, ಬಂಡೆ ಬಂದಾಗ ಅದನ್ನು ಕಳಚಿ ಹಗುರ ಷೂ ಹಾಕುತ್ತಿದ್ದರು. ಹಗುರ ಷೂ ಚಳಿಗೂ ಮಂಜಿಗೂ ಆಗುತ್ತಿರಲಿಲ್ಲ. ತಂಡದಲ್ಲಿದ್ದು ಗೆಳೆಯರನ್ನು ಕಳೆದುಕೊಂಡ ಮಿಲಾನಿನ ವಿತಾಲೆ ಬ್ರಮಾನಿ, ಬಂಡೆಗೂ ಹಿಮಕ್ಕೂ ಒಂದೇ ಆಗುವ ರಬ್ಬರು ಅಟ್ಟೆ ಮಾಡಲು ಹೊರಟ. ಟೈರಿನ ಪಿರೆಲ್ಲಿ ಕಂಪನಿ ನೆರವಾಯಿತು. 1937ರಲ್ಲಿ ಬಂದ ಆ ಅಟ್ಟೆಗೆ ಯುದ್ಧಟ್ಯಾಂಕಿನ ಹೆಸರನ್ನೇ ಇಟ್ಟ, ಕರ‍್ರರ್ಮಾತೊ. 1954ರಲ್ಲಿ ಮೊದಲ ಬಾರಿ ಕೆ2 ಶಿಖರ ಏರಿದ ಇಟಲಿಯವರ ಕಾಲಲ್ಲಿ ಇದೇ ಅಟ್ಟೆಯಿತ್ತು. ಪರ್ವತದಿಂದ ಅದು ಕಾರ್ಖಾನೆಗೆ ಇಳಿದು ಬಂತು.

ಆದರೆ ಎಂಥ ಹಲ್ಲಿನ ಅಟ್ಟೆಯಾದರೂ ಒದ್ದೆ ಮಂಜುಗಡ್ಡೆಯ ಮುಂದೆ ಸೋಲುವುದೇ ಹೆಚ್ಚು. ಚಳಿಗೆ ರಬ್ಬರು ಗಡುಸಾಗುತ್ತದೆ, ಹಲ್ಲು ಹಿಡಿಯುವುದಿಲ್ಲ. ಟೊರಾಂಟೊದ ಪುನರ್ವಸತಿ ಸಂಸ್ಥೆಯಲ್ಲಿ ಮಂಜುಗಡ್ಡೆ ಹಾಸಿದ, ಓರೆ ಮಾಡಬಹುದಾದ ನೆಲದ ಪ್ರಯೋಗಶಾಲೆಯಿದೆ. ಜನರನ್ನು ಅದರ ಮೇಲೆ ನಡೆಸಿ, ಎಷ್ಟು ಓರೆಗೆ ಜಾರುತ್ತಾರೆ ಎಂದು ನೋಡುತ್ತಾರೆ. ಜಾರಿದವರನ್ನು ಮೇಲಿನ ಹಗ್ಗ ಹಿಡಿದುಕೊಳ್ಳುತ್ತದೆ. 2016ರಲ್ಲಿ ಅವರು 98 ಬಗೆಯ ಚಳಿಗಾಲದ ಬೂಟುಗಳ ಫಲಿತಾಂಶ ಹೊರಗಿಟ್ಟರು. ಕನಿಷ್ಠ ಮಟ್ಟವಾದ 7 ಡಿಗ್ರಿ ಓರೆಯನ್ನು ದಾಟಿದ್ದು ನೂರಕ್ಕೆ ಎಂಟರಷ್ಟು ಮಾತ್ರ. ಗೋಡೆಯ ತುಂಬ ನೋಡಿದ ಆ ಒರಟು ಹಲ್ಲುಗಳ ಮೇಲೆ ನನಗಿದ್ದ ಗೌರವ ಅರ್ಧ ಇಳಿಯಿತು.

ಹಿಮ್ಮಡಿಯನ್ನೂ ನೋಡಿ. ಏಣಿ ಹತ್ತುವವರ ಬೂಟಿನಲ್ಲಿ ಹಿಮ್ಮಡಿಯ ಮುಂದಿನ ಅಂಚು ನೇರ ಕಡಿದಂತಿರುತ್ತದೆ, ಏಣಿಯ ಮೆಟ್ಟಿಲಿಗೆ ಕಚ್ಚಿಕೊಳ್ಳಲು. ದಿನವಿಡೀ ಕಾಂಕ್ರೀಟಿನ ಮೇಲೆ ನಿಲ್ಲುವವರದು ಸಮತಟ್ಟಾದ ಅಟ್ಟೆ, ಭಾರ ಪಾದದ ಉದ್ದಕ್ಕೂ ಹಂಚಿಹೋಗಲು. ಕೆಲಸ ಏನೆಂದು ಕೇಳದೆ ಬೂಟು ತೋರಿಸುವ ಅಂಗಡಿಯಿಂದ ಎದ್ದು ಬರುವುದು ಕ್ಷೇಮ.

ಅಕ್ಕನ ಮಗ ಕೊನೆಗೆ ಆರಿಸಿದ್ದು ನಾನು ಮೆಚ್ಚಿದ ಜೇನು ಬಣ್ಣದ್ದಲ್ಲ. ಕಪ್ಪು, ದಡ್ಡ ಮುಖದ, ಕಾಂಪೊಸಿಟ್ ಟೊಪ್ಪಿಯ, ಫೆಲ್ಟ್ ಒಳಬೂಟು ಹೊರಬರುವ ಜೊತೆ, ಅಳತೆಯಲ್ಲಿ ಅರ್ಧ ಹೆಚ್ಚು. "ನಿಂತು ಕೆಲಸ ಮಾಡೋನಿಗೆ ಇದೇ ಸರಿ ಮಾವ" ಎಂದ. ಸರಿಯೇ ಇತ್ತು.

ಆ ಕಡೆ ಕೆಲಸಕ್ಕೆ ಹೊರಟಿರುವ ನಮ್ಮ ಹುಡುಗ ಹುಡುಗಿಯರಿಗೆ ಒಂದು ಮಾತು. ಇಲ್ಲಿಂದ ಸೇಫ್ಟಿ ಶೂ ಹೊತ್ತುಕೊಂಡು ಹೋಗಬೇಡಿ. ನಮ್ಮ ಐಎಸ್‌ಐ ಗುರುತು ಎಷ್ಟೇ ಗಟ್ಟಿಯಾದರೂ ಅಲ್ಲಿನ ಸೈಟುಗಳು ಕೇಳುವುದು ಹಸಿರು ತ್ರಿಕೋನ. ಅಲ್ಲೇ ಕೊಳ್ಳಿ, ಕಾಲು ಸ್ವಲ್ಪ ಊದಿಕೊಂಡಿರುವ ಸಂಜೆ ಹೊತ್ತು ಹೋಗಿ, ಕೆಲಸಕ್ಕೆ ಹಾಕುವ ಕಾಲುಚೀಲ ಹಾಕಿಕೊಂಡೇ ಹೋಗಿ. ಕಾಲುಚೀಲ ಉಣ್ಣೆಯದಿರಲಿ, ಒಂದೇ ಜೊತೆ ಇರಲಿ, ಹತ್ತಿಯದು ಬೇಡ. ಒದ್ದೆ ಬೂಟನ್ನು ಹೀಟರಿನ ಮುಂದೆ ಇಡಬೇಡಿ, ತೊಗಲು ಬಿರಿಯುತ್ತದೆ, ಅಂಟು ಬಿಡುತ್ತದೆ. ದುಡ್ಡು ಹೊಂದಿದರೆ ಎರಡು ಜೊತೆ ಕೊಂಡು ದಿನ ಬಿಟ್ಟು ದಿನ ಹಾಕಿ. ಉಳಿತಾಯ ಮಾಡಲೇಬೇಕಿದ್ದರೆ ಕೋಟಿನಲ್ಲಿ ಮಾಡಿ, ಬೂಟಿನಲ್ಲಿ ಬೇಡ.